ನೆಗ್ಗಿಲಮುಳ್ಳಿನ ಹಾಲು

ಮೊನ್ನೆ ಯಾವಗಲ್ ಊರಿನ ನಮ್ಮ ಹೊಲದಿಂದ ಬಂದು ಚಪ್ಪಲಿ ಬಿಡುವಾಗ ನೋಡಿದೆ, ತಳದಲ್ಲೊಂದು ನೆಗ್ಗಿಲಮುಳ್ಳು ನಟ್ಟಿತ್ತು. ಕಡಲೆಕಾಳಿನಷ್ಟು ಕಾಯಿ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ. ನಿಮಗೂ ಎಂದಾದರೂ ಚುಚ್ಚಿರಬಹುದು. ನಾನು ಮಾತ್ರ ಇದನ್ನು ಕುಡಿದವನು.

ಮೊಬೈಲು ನಮ್ಮ ಕಡೆ ಆಗಷ್ಟೇ ಬಂದಿದ್ದ ಕಾಲ. ಕುತ್ತಿಗೆಯ ಗಂಟಿನ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಕಿಮೋ ಮುಗಿಸಿ ಬಂದಿದ್ದೆ. ಕೂದಲು ಮರಳಿತು. ಹೊಸದಾಗಿ ಮದುವೆಯಾಗಿದ್ದ ನನಗೂ ಗಿರಿಜಾಗೂ ಮಕ್ಕಳಾಗುತ್ತವೆಯೇ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಜೇಂದ್ರಗಡದ ಸಂತೆಯಲ್ಲಿ ಯಾರೋ ಅವ್ವನಿಗೆ, ನೆಗ್ಗಿಲು ಗಂಡಸರಿಗೆ ಒಳ್ಳೆಯದು ಅಂದರಂತೆ. ಅಂದಿನಿಂದ ಅವ್ವ ಹಳೆಯ ಗೋಣಿಚೀಲವನ್ನು ಬದುವಿನ ಮೇಲೆ ಎಳೆಯುತ್ತ ನಡೆಯತೊಡಗಿದಳು. ಕಾಯಿಗಳು ತಾವೇ ಅಂಟಿಕೊಳ್ಳುತ್ತಿದ್ದವು. ಒಣಗಿಸಿ, ಕುಟ್ಟಿ, ಅಪ್ಪನ ಹಳೆಯ ಧೋತರದಲ್ಲಿ ಸೋಸಿ ಹಾಲಿಗೆ ಬೆರೆಸಿ ತರುತ್ತಿದ್ದಳು.

“ಕುಡಿ.”

“ಕಾಲಿಗೆ ಚುಚ್ಚೂದು ಸಾಲದಂತ ಗಂಟಲಿಗೂ ಏನವ್ವಾ?”

“ಸಾಲಿ ಕಲ್ತು ಮಾತs ಭಾಳ ಆತು ನಿಂದು. ಮನಿಗೊಂದು ಕುಡಿ ಬೇಕು, ಅದಕ್ಕ ಕುಡಿ.”

ನಿಜಕ್ಕೂ ಹೀಗೆಯೇ ಅಂದಳೋ, ಧಾರವಾಡದಲ್ಲಿ ಎಂ.ಎ. ಓದಿದ ನಾನೇ ಆಮೇಲೆ ಜೋಡಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಬೆಳಗಾದರೆ ಆ ಒಂದೇ ಮಾತಿನಲ್ಲಿ ಹಾಲೂ ಚಿಗುರೂ ಎರಡೂ ಕೇಳಿಸುತ್ತಿದ್ದವು ಎಂಬುದಷ್ಟೇ ಖರೆ.

ವರ್ಷದ ಮೇಲೆ ಹುಬ್ಬಳ್ಳಿಯಲ್ಲೇ ವೀರ್ಯ ಪರೀಕ್ಷೆಯಾಯಿತು. ವೀರ್ಯಾಣು ಒಂದೂ ಇರಲಿಲ್ಲ. ನಾನು ನಾಚುತ್ತಲೇ ಮುಳ್ಳಿನ ಪುಡಿಯ ಮಾತೆತ್ತಿದೆ. “ಕಿಮೋ ಆದ ಕೆಲವ್ರಿಗೆ ತಾನs ತಿರುಗಿ ಬರತೈತಿ, ಕೆಲವ್ರಿಗೆ ಇಲ್ರಿ,” ಎಂದರು ಡಾಕ್ಟರು. “ಪುಡಿಯಿಂದ ಬರತೈತಿ ಅಂತ ನಾ ಹೇಳೂದಿಲ್ಲ.”

ಊರಿಗೆ ಮರಳುವಾಗ ನರಗುಂದ ದಾಟುವವರೆಗೂ ಗಿರಿಜಾ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಮೇಲೆ, “ಅತ್ತಿ ಮುಂದ ಹೇಳಬ್ಯಾಡ್ರಿ. ಆ ಗೋಣಿಚೀಲದಾಗs ಜೀವ ಇಟ್ಟಾರ,” ಅಂದಳು.

ಹೇಳಲಿಲ್ಲ. ಅವ್ವ ತೀರಿಕೊಳ್ಳುವವರೆಗೂ ಕುಡಿದೆ. ಅವಳಿಗಾಗಿ ಕುಡಿಯುತ್ತಿದ್ದೇನೆ ಎಂಬ ಸಣ್ಣ ಹೆಮ್ಮೆಯೂ ಇತ್ತು. ಮಕ್ಕಳ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ.

ಮೊನ್ನೆ ಚಪ್ಪಲಿಯ ಮುಳ್ಳನ್ನು ಕಿತ್ತು ಗಿರಿಜಾಗೆ ತೋರಿಸಿ, “ಪಾಪ, ಅವ್ವಗ ಕಡೀತನಾ ಗೊತ್ತಾಗಲಿಲ್ಲ,” ಅಂದೆ.

ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. “ಗೊತ್ತಿತ್ರಿ. ಹುಬ್ಬಳ್ಳಿಂದ ಬಂದ ಮರುದಿನಾನ ನನ್ನ ಮಾರಿ ನೋಡಿ ಕೇಳಿದ್ರು. ಹೇಳಿಬಿಟ್ಟೆ.”

“ಮತ್ತ ಯಾಕ ಮಾಡಿ ಕೊಡ್ತಿದ್ಲು?”

“‘ಅಂವ ಕುಡ್ಯಾಕತ್ತಾನ, ನಾ ಹ್ಯಾಂಗ ಬಿಡ್ಲಿ?’ ಅಂದ್ರು.”

“ಇಷ್ಟು ವರ್ಷ ನನಗ ಹೇಳಲಿಲ್ಲಲ್ಲ ನೀನು.”

“ನೀವು ಯಾವಾಗ ಕೇಳಿದ್ರಿ?”

ಹಾಗಾದರೆ ಪರೀಕ್ಷೆಯ ನಂತರದ ಬೆಳಗುಗಳಲ್ಲಿ ಅವ್ವ ‘ಕುಡಿ’ ಅಂದದ್ದು ಹಾಲನ್ನಷ್ಟೇ. ಚಿಗುರೆಂಬ ಇನ್ನೊಂದು ಅರ್ಥವನ್ನು ಅವಳು ಎಂದೋ ಬಿಟ್ಟುಕೊಟ್ಟಿದ್ದಳು. ಹಿಡಿದುಕೊಂಡು ಕೂತವನು ನಾನೊಬ್ಬನೇ.

ಗಿರಿಜಾ ಎದ್ದು ಹೋಗಿ ಚಹಾ ತಂದು ಮುಂದಿಟ್ಟಳು. ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ‘ಕುಡೀರಿ’ ಅಂದಾಳೇನೋ ಎಂದು ಚಹಾ ಆರುವವರೆಗೂ ಕಾದೆ.