ಸಮಾಧಾನಪ್ಪನವರ ಮನೆಯ ಅದ್ಭುತಗಳು

ಸಮಾಧಾನಪ್ಪನವರ ಕೋಟಿನ ಗುಂಡಿಯೊಂದು ಶನಿವಾರ ಉದುರಿತ್ತು. ಸೋಮವಾರ ಕಚೇರಿಗೆ ಹೊರಡುವಾಗ ನೋಡಿದರೆ ಅದು ಮತ್ತೆ ತನ್ನ ಜಾಗದಲ್ಲಿತ್ತು. ಇದನ್ನು ಅವರು ದೇವರ ಕೆಲಸವೆಂದು ತಿಳಿದರು. ತಿಳಿದು ಸುಮ್ಮನಿರದೆ, ಶುಕ್ರವಾರ ಸಂಜೆ ತುಂಬಿದ ಪಡಸಾಲೆಯ ಮುಂದೆ ಕಣ್ಣು ಒದ್ದೆ ಮಾಡಿಕೊಂಡು ಹೇಳಿದರು. ಕೂತವರೆಲ್ಲ "ಸ್ತೋತ್ರ!" ಎಂದರು. ಆ ಗುಂಡಿ ಹೊಲಿದ ಹೆಂಡತಿ ರೂತಮ್ಮ ಆಗ ಅಡುಗೆಮನೆಯಲ್ಲಿ ಹಸಿ ಸೌದೆ ಊದುತ್ತಿದ್ದಳು.

ಯುದ್ಧ ಮುಗಿದರೂ ರೇಷನ್ ಮುಗಿಯದ ಕಾಲ. ಚಾಮರಾಜಪೇಟೆಯ ಆ ಬೀದಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ಸಮಾಧಾನಪ್ಪನವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಚರ್ಚಿನ ಸಭೆಯಲ್ಲಿ ಹಿರಿಯರು. ಪ್ರತಿ ಶುಕ್ರವಾರ ಅವರ ಮನೆಯಲ್ಲಿ ಪ್ರಾರ್ಥನಾಕೂಟ. ಹಾಡು, ಪ್ರಾರ್ಥನೆ ಆದಮೇಲೆ ಸಾಕ್ಷಿ. ಆ ವಾರ ಕಂಡ ಒಂದು ಸಣ್ಣ ಅದ್ಭುತವನ್ನು ಒಬ್ಬೊಬ್ಬರೇ ಎದ್ದು ಹೇಳಬೇಕು, ಉಳಿದವರು ಸ್ತೋತ್ರ ಎನ್ನಬೇಕು. ಸಾಕ್ಷಿಯನ್ನು ಯಾರೂ ಪ್ರಶ್ನಿಸುವಂತಿಲ್ಲ. ದೇವರು ಮಾಡಿದ್ದನ್ನು ಪ್ರಶ್ನಿಸಲು ನೀನ್ಯಾರು? ಸಮಾಧಾನಪ್ಪನಂಥವರಿಗೆ ಹೇಳಿ ಮಾಡಿಸಿದ ನಿಯಮ.

ಹೆಂಗಸರೂ ಸಾಕ್ಷಿ ಹೇಳಬಹುದಿತ್ತು, ಹೇಳುತ್ತಿದ್ದರು. ಆದರೆ ರೂತಮ್ಮ ಮನೆಯೊಡತಿ. ಕೊನೆಯ ಆಮೆನ್ ಮುಗಿಯುವುದಕ್ಕೂ ಕಾಫಿ ಲೋಟ ಕೈಗೆ ಬರುವುದಕ್ಕೂ ನಡುವೆ ಕೆಮ್ಮುವಷ್ಟು ಸಮಯವಾದರೂ ಗಂಡನ ಹುಬ್ಬು ಗಂಟಾಗುತ್ತಿತ್ತು. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ತನ್ನ ಮನೆಯ ಅದ್ಭುತಗಳನ್ನೆಲ್ಲ ಅವಳು ಕೇಳಿದ್ದು ಹೊಗೆಯ ಆಚೆಯಿಂದ.

ಏನೇನು ಅದ್ಭುತಗಳು! ಬೆಳಿಗ್ಗೆ ಏಳುವಷ್ಟರಲ್ಲಿ ಹಂಡೆಯ ನೀರು ಕಾದಿರುತ್ತಿತ್ತು. ಬೀದಿ ನಲ್ಲಿಯಲ್ಲಿ ಬೆಳಗಿನ ಜಾವ ಮಾತ್ರ ನೀರು ಬರುವ ಬೇಸಿಗೆಯಲ್ಲೂ ತೊಟ್ಟಿ ತುಂಬಿರುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಅಕ್ಕಿ ಮಡಕೆಯದು. ಬೀದಿಯವರೆಲ್ಲ ಮುಸುಕಿನ ಜೋಳದ ನುಚ್ಚು ತಿನ್ನುವಾಗಲೂ ಸಮಾಧಾನಪ್ಪನವರ ತಟ್ಟೆಯಲ್ಲಿ ಬಿಳಿ ಅನ್ನ. "ಮಡಕೆಯಲ್ಲಿ ಕೈ ಹಾಕಿದಷ್ಟೂ ಅಕ್ಕಿ!" ಎಂದು ಅವರು ಹೇಳುತ್ತಿದ್ದರು. ಅವರ ಕೈ ಆ ಮಡಕೆಗೆ ಒಮ್ಮೆಯೂ ಹೋಗಿರಲಿಲ್ಲ. ಅದು ಯಾವ ಮೂಲೆಯಲ್ಲಿದೆ ಎಂದು ಕೇಳಿದ್ದರೆ ತಡವರಿಸುತ್ತಿದ್ದರು.

ರೂತಮ್ಮ ತನ್ನ ಪಾಲಿನ ಸಕ್ಕರೆಯನ್ನು ಪಕ್ಕದ ಮನೆಯ ಗುರುಬಸಮ್ಮನಿಗೆ ಕೊಟ್ಟು ಅವಳ ಪಾಲಿನ ರೇಷನ್ ಅಕ್ಕಿ ತರುತ್ತಿದ್ದಳು. ತಾನು, ಮಗಳು ಎಸ್ತರ್ ಗೆಣಸು ಬೇಯಿಸಿಕೊಂಡು ತಿನ್ನುತ್ತಿದ್ದರು. ಅದರಲ್ಲೂ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಸಭೆಗೆಂದು ತೆಗೆದಿಡುತ್ತಿದ್ದಳು. ಅದು ಅವರಲ್ಲಿ ಹೆಂಗಸರ ಪದ್ಧತಿ. ಗಂಡಸರು ಹಿಡಿ ಅಕ್ಕಿಯ ಚೀಲವನ್ನು ಆಶೀರ್ವದಿಸುತ್ತಿದ್ದರು.

"ಏನ್ರೀ ರೂತಮ್ಮಾ," ಎಂದು ಗುರುಬಸಮ್ಮ ನಲ್ಲಿಯ ಹತ್ತಿರ ಕೊಡ ತಿಕ್ಕುತ್ತ ಕೆಣಕುತ್ತಿದ್ದಳು. "ನಿಮ್ ದೇವ್ರು ನಿಮ್ಮನೇಗೆ ನೀರು ಹೊರ್ತಾನಂತಲ್ಲ? ನಿಮ್ಮೆಜಮಾನ್ರು ಹೇಳ್ತಿದ್ದುದು ನಮ್ ಹಿತ್ಲಿಗೂ ಕೇಳಿಸ್ತು. ಒಂದಿನ ನಮ್ಮನೇಗೂ ಕಳ್ಸಿ, ನನಗೆ ಸೊಂಟ ನೋವು."

"ನಗ್ಬೇಡಿ ಗುರುಬಸಮ್ನೋರೆ. ಹೊರೋದಿಕ್ಕೆ ಶಕ್ತಿ ಕೊಡ್ತಾನಲ್ಲ, ಅದು ಸಾಲದೆ?"

"ಕೊಟ್ಟೋನ ಹೆಸರು ಹೇಳ್ತಾರೆ ಸರಿ. ಹೊತ್ತೋಳ ಹೆಸರು?"

ರೂತಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸಿದಳು. ಅವಳು ನಂಬಿದವಳೇ. ಒದ್ದೆ ಸೌದೆ ಹತ್ತಿಕೊಂಡರೆ, ಸಾಲಿನಲ್ಲಿ ತನ್ನ ಸರದಿ ಬಂದಾಗ ನಲ್ಲಿ ನಿಲ್ಲದಿದ್ದರೆ, ಒಳಗೇ ಕೃತಜ್ಞತೆ ಹೇಳಿಕೊಳ್ಳುವವಳು. ಯಾರು ಸೌದೆ ಒಟ್ಟಿದರು ಎಂಬುದು ಅವಳಿಗೆ ಗೊತ್ತಿತ್ತು, ಅಷ್ಟೆ. ಗಂಡನ ದೇವರಿಗೆ ಮಾತ್ರ ಹೆಂಗಸಿನ ಕೈಗಳು ಕಾಣಿಸುತ್ತಿರಲಿಲ್ಲ.

ಇದೆಲ್ಲ ಹೀಗೇ ಸಾಗುತ್ತಿತ್ತೇನೋ. ಆ ವರ್ಷ ಎಸ್ತರ್ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಬೇಕಿತ್ತು. ಪಾಸಾದರೆ ಟೀಚರ್ ತರಬೇತಿಗೆ ಸೇರಬಹುದು, ಒಲೆಯ ಮುಂದಿನಿಂದ ಎದ್ದು ಹೋಗಬಹುದು. ರೂತಮ್ಮನಿಗೆ ಆಸೆ ಎಂದು ಇದ್ದದ್ದು ಅದೊಂದೇ. ಪರೀಕ್ಷೆಯ ವಾರದಲ್ಲೇ ಸಮಾಧಾನಪ್ಪನವರು ವಾರವಿಡೀ ಪ್ರಾರ್ಥನೆ, ಬೋಧನೆ ನಡೆಯುವ ಉಜ್ಜೀವನ ಕೂಟ ಇಟ್ಟುಕೊಂಡರು. ತುಮಕೂರಿನಿಂದ, ಹಾಸನದಿಂದ ಬೋಧಕರು ಬಂದು ಇವರ ಮನೆಯಲ್ಲೇ ಇಳಿದುಕೊಳ್ಳುವುದು, ಮೂರು ಹೊತ್ತೂ ಇಲ್ಲೇ ಊಟ.

"ಎಸ್ತರ್ ಮನೇಲಿರ್ಲಿ. ನೀನೊಬ್ಳೇ ಎಷ್ಟೂಂತ ಮಾಡ್ತೀಯ," ಎಂದರು ಗಂಡ, ಹೆಂಡತಿಯ ಮೇಲೆ ದೊಡ್ಡ ಕರುಣೆ ತೋರಿಸಿದವರಂತೆ.

"ಪರೀಕ್ಷೆ ಇದೆಯಲ್ರೀ."

"ಪರೀಕ್ಷೆ ಮುಂದಿನ ವರ್ಷಾನೂ ಬರತ್ತೆ. ದೇವರ ಸೇವಕರು ಬರ್ತಾರಾ?"

"ಅವರನ್ನ ಬೇರೆಯವರ ಮನೇಲಿ..."

"ರೂತಾ, ನಿನಗೆ ನಂಬಿಕೆ ಕಮ್ಮಿ. ಬೇಡಿದ್ದು ಕೈಗೆ ಸಿಗೋ ಮೊದ್ಲೇ ಸಿಕ್ಕಿತು ಅಂತ ಸ್ತೋತ್ರ ಹೇಳ್ಬೇಕು. ಎಷ್ಟು ಸಲ ಬೋಧಿಸಿದೀನಿ ನಾನು?"

ನಿಜ, ಎಷ್ಟೋ ಸಲ ಬೋಧಿಸಿದ್ದರು. ಬೋಧನೆ ಅಡುಗೆಮನೆಯವರೆಗೂ ಕೇಳಿಸುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಆ ಶುಕ್ರವಾರ ಸಾಕ್ಷಿಯ ಹೊತ್ತಿಗೆ ರೂತಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಪಡಸಾಲೆಗೆ ಬಂದಳು. ಜಮಖಾನದ ಅಂಚಿನಲ್ಲಿ, ಹೆಂಗಸರ ಪಕ್ಕ ಕೂತಳು. ಒಳಗೆ ಒಲೆ ಆರಿತ್ತು. ಸಮಾಧಾನಪ್ಪನವರು ಅವಳನ್ನು ನೋಡಿದರು, ಅಡುಗೆಮನೆಯ ಬಾಗಿಲು ನೋಡಿದರು, ಮತ್ತೆ ಅವಳನ್ನು ನೋಡಿದರು. ಪ್ರಾರ್ಥನೆಯ ನಡುವೆ ಕಾಫಿಯ ಮಾತು ಎತ್ತಲಾಗದೆ ಗಂಟಲು ಸರಿಮಾಡಿಕೊಂಡರು. ಅವಳು ಕದಲಲಿಲ್ಲ.

ನಿವೃತ್ತ ಮೇಷ್ಟ್ರು ಯೋಬಯ್ಯನವರು ತಮ್ಮ ಕಳೆದ ಛತ್ರಿ ಸಿಕ್ಕಿದ ಅದ್ಭುತ ಹೇಳಿದರು. ಅದನ್ನು ಹುಡುಕಿ ತಂದ ಸೊಸೆ ಅಲ್ಲೇ ಮೂಲೆಯಲ್ಲಿ ಮಗುವಿಗೆ ಹಾಲೂಡಿಸುತ್ತಿದ್ದಳು. ಸ್ತೋತ್ರ! ಯೋಬಯ್ಯನವರು ಕೂತ ಕೂಡಲೆ ರೂತಮ್ಮ ಎದ್ದಳು.

"ನಮ್ಮನೇಲೂ ಒಂದು ಅದ್ಭುತ ಆಗಿದೆ," ಎಂದಳು. "ನಮ್ಮ ಎಸ್ತರ್ ಪರೀಕ್ಷೆಗೆ ಕೂತ್ಕೋಬೇಕು ಅಂತ ಬೇಡಿಕೊಂಡಿದ್ದೆ. ಬೋಧಕರ ಊಟ ಉಪಚಾರಕ್ಕೆ ಅವಳು ಬೇಕು ಅಂತ ಇವರು ಹೇಳಿದ್ರು. ದೇವರು ಇವರ ಮನಸ್ಸು ತಿರುಗಿಸಿದಾನೆ. ಅವಳು ಪರೀಕ್ಷೆಗೆ ಹೋಗ್ತಾಳೆ. ನಮ್ಮೆಜಮಾನರಂಥ ಗಟ್ಟಿ ಮನಸ್ಸು ತಿರುಗೋದು ಅಂದ್ರೆ ಸಣ್ಣದಲ್ಲ."

"ಸ್ತೋತ್ರ!" ಎಂದು ಯೋಬಯ್ಯನವರು ಗುಡುಗಿದರು. "ಸ್ತೋತ್ರ!" ಎಂದಿತು ಪಡಸಾಲೆ. ಯೋಚಿಸಿ ಹೇಳಿದ್ದಲ್ಲ, ಸಾಕ್ಷಿ ಮುಗಿದರೆ ಬಾಯಿ ತಾನಾಗಿ ತೆರೆಯುತ್ತಿತ್ತು.

ಸಮಾಧಾನಪ್ಪನವರ ಬಾಯಿಯೂ ತೆರೆದಿತ್ತು. ಸ್ತೋತ್ರಕ್ಕಲ್ಲ. ಹಾಗಾಗಿಲ್ಲ ಎಂದರೆ ಸಾಕ್ಷಿಯನ್ನು ಸುಳ್ಳೆಂದಂತೆ. ಇನ್ನೂ ಸಿಗದ್ದಕ್ಕೆ ಸ್ತೋತ್ರ ಹೇಳುವಂತಿಲ್ಲ ಎಂದರೆ ತಮ್ಮ ಬೋಧನೆಯನ್ನೇ ಸುಳ್ಳೆಂದಂತೆ. ಯೋಬಯ್ಯನವರು ಅವರ ಕೈ ಹಿಡಿದು, "ಏನ್ ದೊಡ್ಡ ಮನಸ್ಸು ಸ್ವಾಮಿ ನಿಮ್ದು!" ಎಂದರು. ಹೊಗಳಿಕೆ ಬಿದ್ದ ಕಡೆ ವಾಲುವುದು ಆ ಮನುಷ್ಯನ ಸ್ವಭಾವ. ಅವರು ಕಣ್ಣು ಮುಚ್ಚಿ, "ದೇವರು ನನ್ನ ಜೊತೆ ಮಾತಾಡಿದ," ಎಂದುಬಿಟ್ಟರು.

ಕೊನೆಯ ಆಮೆನ್ ಆಯಿತು. ಎಲ್ಲರೂ ಅಭ್ಯಾಸದಂತೆ ಅಡುಗೆಮನೆಯ ಬಾಗಿಲಿಗೆ ತಿರುಗಿದರು. ಯಾರೂ ಬರಲಿಲ್ಲ. ಕಾಫಿಯನ್ನು ಇಷ್ಟು ದಿನ ಯಾರು ಮಾಡುತ್ತಿದ್ದರು ಎಂಬ ವಿಷಯ ಆ ಗಂಡಸರಿಗೆ ಮೊದಲ ಸಲ ತಿಳಿಯಿತು. ತಿಳಿದು ಅವರೇನೂ ಒಲೆ ಹಚ್ಚಲಿಲ್ಲ, ಚಪ್ಪಲಿ ಮೆಟ್ಟಿಕೊಂಡರು. ಯೋಬಯ್ಯನವರ ಸೊಸೆ ಮಾತ್ರ ಮಗುವನ್ನು ಹೆಗಲಿಗೆ ಹಾಕಿಕೊಂಡು, "ಅತಿಥಿಗಳಿಗೆ ರೊಟ್ಟಿ ಬಡಿಯೋಕೆ ನಾನು ಬರ್ತೀನಿ ಅಕ್ಕ. ಎಸ್ತರ್ ಓದ್ಕೊಳ್ಲಿ," ಎಂದು ಪಿಸುಗುಟ್ಟಿದಳು. ಸ್ತೋತ್ರ ಎನ್ನುವ ಯೋಗ್ಯತೆ ಇದ್ದ ಮಾತು ಆ ಸಂಜೆ ಅದೊಂದೇ. ಅದಕ್ಕೆ ಯಾರೂ ಸ್ತೋತ್ರ ಹೇಳಲಿಲ್ಲ.

ಸಮಾಧಾನಪ್ಪನವರು ಮುಂದೆ ಎಷ್ಟೋ ವರ್ಷ, ಎಸ್ತರ್ ಟೀಚರ್ ಆದಮೇಲೂ, ತಾವು ಮಗಳನ್ನು ಓದಿಸಿದ ಅದ್ಭುತವನ್ನು ಸಾಕ್ಷಿ ಹೇಳಿಕೊಂಡು ತಿರುಗಿದರು. ಹೇಳಿಕೊಳ್ಳಲಿ.

ಪರೀಕ್ಷೆಯ ಮೊದಲ ದಿನ ರೂತಮ್ಮ ಹಿಂದಿನ ಜಗಲಿಯಲ್ಲಿ ಎಸ್ತರ್‌ಳ ಜಡೆ ಹೆಣೆಯುತ್ತಿದ್ದಳು. ಒಳಗೆ ಯೋಬಯ್ಯನವರ ಸೊಸೆ ರೊಟ್ಟಿ ತಟ್ಟುವ ಸದ್ದು. ಬಚ್ಚಲುಮನೆಯಿಂದ ಗಂಡನ ಕೂಗು ಬಂತು: "ರೂತಾ! ನೀರು ತಣ್ಣಗಿದೆ!"

ಅಷ್ಟು ವರ್ಷ ಆ ಕೂಗಿಗೆ ಮೊದಲೇ ಎದ್ದು ಓಡುತ್ತಿದ್ದ ಕೈಗಳು. ರೂತಮ್ಮ ಅವುಗಳನ್ನು ನೋಡಿದಳು. ಅವು ಮಗಳ ಕೂದಲಿನಲ್ಲೇ ಇದ್ದವು. ಎಡದೆಳೆ, ಬಲದೆಳೆ, ಗಡಿಬಿಡಿಯಿಲ್ಲದೆ ಹೆಣೆಯುತ್ತಿದ್ದವು.

"ಅಮ್ಮಾ, ಅಪ್ಪ ಕೂಗ್ತಿದಾರೆ."

"ಕೇಳಿಸ್ತು. ತಲೆ ಅಲ್ಲಾಡಿಸ್ಬೇಡ," ಎಂದಳು ರೂತಮ್ಮ. ಆಮೇಲೆ, ಮಗಳಿಗೂ ಕೇಳದಷ್ಟು ಮೆಲ್ಲಗೆ, ಸ್ತೋತ್ರ ಎಂದಳು.