ಬಾಲದ ಮೇಲಿನ ಗೆರೆ

ಔಷಧದ ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷ ನಿಂತು ಕಾಲು ಸವೆಸಿದವಳು ಮೂವತ್ತಾರನೇ ವಯಸ್ಸಿಗೆ ಮತ್ತೆ ಪುಸ್ತಕ ಹಿಡಿದರೆ ಜನ ಸುಮ್ಮನಿರುತ್ತಾರೆಯೇ? ಕಾಲೇಜಿನಲ್ಲಿ ಜೊತೆಗಿದ್ದವರೆಲ್ಲ ಇಪ್ಪತ್ತೆರಡರ ಆಸುಪಾಸಿನವರು. ಮೊದಲ ವಾರವೇ ಅವಳಿಗೆ ‘ಗುಳಿಗೆ ಅಕ್ಕ’ ಎಂದು ನಾಮಕರಣ ಮಾಡಿಬಿಟ್ಟರು. ಅವಳು ಬೇಸರಿಸಲಿಲ್ಲ. ಬಂದದ್ದು ಹೆಸರು ಮಾಡಲಿಕ್ಕಲ್ಲ, ತಮ್ಮನ ಮೂರ್ಛೆರೋಗಕ್ಕೆ ಏನಾದರೂ ದಾರಿ ಸಿಗುತ್ತದೆಯೇ ಎಂದು ನೋಡಲಿಕ್ಕೆ.

ತಮ್ಮ ಎಲೆಕ್ಟ್ರಿಷಿಯನ್. ಏಣಿಯ ಮೇಲಿದ್ದಾಗಲೇ ಒಮ್ಮೆ ಮೂರ್ಛೆ ಬಂದು, ಬಿದ್ದು ಭುಜ ಮುರಿದುಕೊಂಡ ಮೇಲೆ ಏಣಿಗೆ ದೊಡ್ಡ ನಮಸ್ಕಾರ ಹಾಕಿ, ಮನೆಯಲ್ಲೇ ನೆಲದ ಮೇಲೆ ಕೂತು ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಿದ್ದ. ಸ್ನಾನಕ್ಕೆ ಹೋದರೆ ಒಳಗೆ ಚಿಲಕ ಹಾಕಬಾರದು, ಬಿದ್ದರೆ ಎತ್ತುವವರು ಹೇಗೆ ಬರಬೇಕು ಎಂಬುದು ಅಮ್ಮನ ಕಟ್ಟಪ್ಪಣೆ. ಅಂಗಡಿಯಲ್ಲಿದ್ದ ಯಾವ ಮಾತ್ರೆಯೂ ಅವನಿಗೆ ಪೂರ್ತಿ ಹಿಡಿಯಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ವೈದ್ಯರು ಮೆದುಳಿನ ಆಪರೇಷನ್ನಿಗೆ ದಿನಾಂಕ ಕೊಟ್ಟರು. ನೆನಪು ಸ್ವಲ್ಪ ಏರುಪೇರಾದರೂ ಆಗಬಹುದು ಎಂದರು. ತಮ್ಮನ ಕಿವಿಯಲ್ಲಿ ಉಳಿದದ್ದು ಅದೊಂದೇ ಮಾತು. ಅಂದಿನಿಂದ ಅವನು ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದ.

ಅಕ್ಕನ ಓದು ನರಗಳ ಮೇಲೆ ಔಷಧ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ. ‘ನ್ಯೂರೋಫಾರ್ಮಕಾಲಜಿ’ ಎಂದು ಅವಳು ಪೂರ್ತಿ ಹೇಳುವಷ್ಟರಲ್ಲಿ ಅಮ್ಮ ಒಂದು ಆಕಳಿಕೆ ಮುಗಿಸುತ್ತಿದ್ದಳು. ಎರಡನೇ ವರ್ಷದ ಪ್ರಯೋಗಕ್ಕೆ ಹದಿನಾರು ಬಿಳಿ ಇಲಿಗಳು, ನಾಲ್ಕು ಪಂಜರ. ಎಂಟಕ್ಕೆ ಹೊಸ ಔಷಧ, ಎಂಟಕ್ಕೆ ಬರೀ ಉಪ್ಪುನೀರು, ಪ್ರತಿ ಪಂಜರದಲ್ಲೂ ಎರಡೆರಡು. ಮೂರು ವಾರ ದಿನಾ ಚುಚ್ಚಿ, ಕೊನೆಯ ದಿನ ಎಲ್ಲಕ್ಕೂ ಮೂರ್ಛೆ ಬರಿಸುವ ಮದ್ದು ಕೊಟ್ಟು ಯಾವುದು ತಡೆದುಕೊಳ್ಳುತ್ತದೆ ಎಂದು ನೋಡಬೇಕು.

ಇಲಿಗಳೋ, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೋರಿಸಿದರೂ ಗೊತ್ತಾಗದಷ್ಟು ಒಂದೇ ಥರ. ಗುರುತಿಗೆ ಬಾಲದ ಮೇಲೆ ಮಾರ್ಕರಿನ ಗೆರೆ: ಒಂದು ಗೆರೆಯದು, ಎರಡು ಗೆರೆಯದು, ಹೀಗೆ ಪಂಜರಕ್ಕೆ ನಾಲ್ಕು. ಆದರೆ ಮೈ ನೆಕ್ಕಿಕೊಳ್ಳುವುದು ಇಲಿಯ ಚಟ. ಐದು ದಿನ ಬಿಟ್ಟರೆ ಗೆರೆ ಮಂಗಮಾಯ. ಅದಕ್ಕೇ ಮೂರು ದಿನಕ್ಕೊಮ್ಮೆ ಹೊಸದಾಗಿ ಎಳೆಯಬೇಕು. ಪ್ರಾಣಿಗಳ ಕೋಣೆ ನೋಡಿಕೊಳ್ಳುವ ತಾತ ಮೊದಲ ದಿನವೇ ಹೇಳಿದ್ದ: “ನಿನ್ನ ಊಟ ಮರೆತ್ರೂ ಪರವಾಗಿಲ್ಲಮ್ಮ, ಬಾಲ ಮರೀಬೇಡ.”

ಗೆರೆ ಎಳೆಯಬೇಕಾದ ದಿನವೇ ಅಮ್ಮನ ಫೋನು ಬಂತು. ತಮ್ಮನಿಗೆ ಒಂದರ ಹಿಂದೆ ಒಂದು ಮೂರು ಸಲ ಮೂರ್ಛೆ ಬಂದಿದೆ, ಆಸ್ಪತ್ರೆಗೆ ಬಾ. ಗುಳಿಗೆ ಅಕ್ಕ ಚುಚ್ಚುವ ಕೆಲಸ ಮಾತ್ರ ಮುಗಿಸಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಮರುದಿನ ಅವಳ ಬದಲು ಸಹಪಾಠಿಯೊಬ್ಬಳು ಚುಚ್ಚಿದಳು. ಅದರ ಮರುದಿನ ಬಂದು ನೋಡಿದರೆ ಮೂರನೇ ಪಂಜರದಲ್ಲಿ ಎರಡು ಬಾಲ ತೊಳೆದಿಟ್ಟಷ್ಟು ಸ್ವಚ್ಛ. ಒಂದು ಔಷಧದ್ದು, ಒಂದು ಉಪ್ಪುನೀರಿನದು. ಯಾವುದು ಯಾವುದು? ತೂಕದ ಪುಸ್ತಕ ತೆಗೆದಳು. ಎರಡೂ ಇನ್ನೂರ ಹನ್ನೆರಡು ಗ್ರಾಂ.

ಪ್ರಯೋಗದ ಉಸ್ತುವಾರಿಯ ಮೇಡಂ ಹತ್ತಿರ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಹೆದರಿದಳು, ಅಷ್ಟೇ; ಅದಕ್ಕೆ ಬೇರೆ ನೆಪ ಹೇಳಿ ಪ್ರಯೋಜನವಿಲ್ಲ. ಸ್ವಲ್ಪ ಮಂಕಾಗಿ ಮೂಲೆಯಲ್ಲಿ ಕೂತಿದ್ದದ್ದು ಔಷಧದ್ದೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಗೆರೆ ಎಳೆದುಬಿಟ್ಟಳು.

ಕೊನೆಯ ದಿನ ಆ ಮಂಕು ಇಲಿ ಮೂರ್ಛೆಯನ್ನು ಗಟ್ಟಿಯಾಗಿ ತಡೆದುಕೊಂಡಿತು. ಅದರ ಜೋಡಿ ವಿಲವಿಲ ಒದ್ದಾಡಿತು. ಲೆಕ್ಕ ಹಾಕಿದರೆ ಔಷಧ ಗೆದ್ದಿತ್ತು. ನಗುವುದೇ ಗೊತ್ತಿಲ್ಲದ ಮೇಡಂ ನಕ್ಕರು. ಗುಳಿಗೆ ಅಕ್ಕನಿಗೆ ಆ ಸಂಜೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದು ತಮ್ಮನ ಮುಂದೆ ಎಲ್ಲ ಹೇಳಿದಳು, ಆ ಎರಡು ಬಾಲಗಳನ್ನು ಬಿಟ್ಟು. ಇಲಿಗೆ ಹಿಡಿದದ್ದು ಮನುಷ್ಯನಿಗೆ ಬರಲು ವರ್ಷಗಟ್ಟಲೆ ಬೇಕು ಎಂದೂ ಹೇಳಿದಳು, ಆದರೆ ಗಂಟಲೊಳಗೇ. ನೆಪ ಹುಡುಕುತ್ತಿದ್ದವನಿಗೆ ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನು ಮಾಡಿ ಆಪರೇಷನ್ ಬೇಡವೆಂದುಬಿಟ್ಟ.

ಅಲ್ಲಿಂದ ಅವಳಿಗೆ ಅನ್ನ ಸೇರಲಿಲ್ಲ. ತಮ್ಮ ಎದುರಿಗೆ ಬಂದರೆ ಮುಖ ತಪ್ಪಿಸುತ್ತಿದ್ದಳು. ಒಂದು ತಿಂಗಳು ಹೀಗೇ ಕಳೆದ ಮೇಲೆ ಮೇಡಂ ಕರೆದು, “ಮೂರನೇ ಪಂಜರ ಎಷ್ಟು ಚೆನ್ನಾಗಿ ಬಂದಿದೆ ನೋಡು, ಇಡೀ ಫಲಿತಾಂಶ ಅದರ ಮೇಲೇ ನಿಂತಿದೆ. ಇದನ್ನ ಪ್ರಕಟಣೆಗೆ ಕಳಿಸೋಣ,” ಎಂದರು. ಗುಳಿಗೆ ಅಕ್ಕ ಆ ಎರಡು ಬಾಲಗಳ ವಿಷಯ ಹೇಳಿಬಿಟ್ಟಳು.

ಮೇಡಂ ಕೂಗಾಡಲಿಲ್ಲ. ಆ ಎರಡು ಇಲಿಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದರು. ಔಷಧಕ್ಕೂ ಉಪ್ಪುನೀರಿಗೂ ನಂಬುವಂಥ ವ್ಯತ್ಯಾಸವೇ ಉಳಿಯಲಿಲ್ಲ.

“ಅವತ್ತೇ ಹೇಳಿದ್ರೆ ಎರಡು ಇಲಿ ಹೋಗ್ತಿತ್ತು, ಅಷ್ಟೆ,” ಎಂದರು. “ಈಗ ನಿನ್ನ ಪುಸ್ತಕದ ಇನ್ನೊಂದು ಪುಟಾನೂ ನಾನು ನಂಬಲ್ಲ. ಹೊಸ ಅನುಮತಿ, ಹೊಸ ಇಲಿ, ಮೊದಲಿಂದ ಮಾಡು. ಒಂದು ವರ್ಷ ಹೋಗತ್ತೆ.”

ವರ್ಷ ಹೋದರೆ ಹೋಗಲಿ, ಅದು ಅವಳದು. ಮನೆಗೆ ಬಂದಾಗ ತಮ್ಮ ಟೇಬಲ್ ಫ್ಯಾನ್ ಬಿಚ್ಚಿಕೊಂಡು ಕೂತಿದ್ದ. ಅವಳು ಚಪ್ಪಲಿ ಬಿಡುವ ಮೊದಲೇ ನಡೆದದ್ದೆಲ್ಲ ಹೇಳಿದಳು.

“ಅಂದ್ರೆ ಆ ಔಷಧ ಕೆಲಸ ಮಾಡಲ್ವಾ?”

“ಗೊತ್ತಿಲ್ಲ ಕಣೋ.”

“ಅವತ್ತು ಬಂದು ಕುಣಿದಾಡಿದೆಯಲ್ಲ ಅಕ್ಕ, ಬಾಲದ ವಿಷ್ಯ ಅವಾಗ್ಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಬಾಯಿಗೆ ಬಂದಂತೆ ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಆಸ್ಪತ್ರೆಯ ನಂಬರ್ ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟ. “ನೀನೇ ಮಾತಾಡು.”

ಆಸ್ಪತ್ರೆಯ ಗುಮಾಸ್ತೆ ಹೆಸರು ಹುಡುಕಿದಳು. “ಆ ದಿನ ಬೇರೆಯವರಿಗೆ ಕೊಟ್ಟಾಯ್ತಲ್ಲಮ್ಮ. ಇನ್ನು ಏಳು ತಿಂಗಳ ಮೇಲೇ ಸಿಗೋದು. ಹಿಂದಿನ ಸಲ ಯಾಕೆ ಬೇಡ ಅಂದ್ರಿ? ಇಲ್ಲಿ ಕಾರಣ ಬರೀಬೇಕು. ರೋಗಿಗೆ ಭಯ ಅಂತ ಹಾಕ್ಲಾ? ಎಲ್ರೂ ಅದನ್ನೇ ಹಾಕ್ಸೋದು.”

ತಮ್ಮ ಅವಳನ್ನೇ ನೋಡುತ್ತಿದ್ದ.

“ಬೇಡ,” ಎಂದಳು ಗುಳಿಗೆ ಅಕ್ಕ. “ಅವನ ಅಕ್ಕ ಸುಳ್ಳು ಹೇಳಿದ್ಳು ಅಂತ ಬರೀರಿ.”

“ಹಾಗೆಲ್ಲ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲಮ್ಮ,” ಎಂದು ಗುಮಾಸ್ತೆ ಹೊಸ ದಿನಾಂಕ ಹೇಳಿದಳು. ಗುಳಿಗೆ ಅಕ್ಕ ಅದನ್ನು ಚೀಟಿಯಲ್ಲಿ ಬರೆದು ತಮ್ಮನ ಮುಂದೆ ಇಟ್ಟಳು.

ಅವನು ಚೀಟಿ ಓದಿ ಮಡಿಸಿ ಜೇಬಿಗೆ ಹಾಕಿಕೊಂಡ. “ಇನ್ನೂ ಏಳು ತಿಂಗಳು ನಾನು ಬಚ್ಚಲಿಗೆ ಚಿಲಕ ಹಾಕದೆ ಸ್ನಾನ ಮಾಡ್ಬೇಕು,” ಎಂದ.