ನರಗಿಸ್ ಅರಳಿದ ಕೋಣೆ

ಕಳೆದ ವಾರ ಉದಗೀರಿನಿಂದ ಒಂದು ಗಂಟು ಬಂತು. ಬಿಚ್ಚುತ್ತಿದ್ದಂತೆ ಮೊದಲು ಮೂಗಿಗೆ ಬಡಿದದ್ದು ಕರಿ ಕಂಬಳಿಯ ಒರಟು ವಾಸನೆ. ಒಳಗೆ ಉಳ್ಳಾಗಡ್ಡಿಯಂಥ ಏಳು ನರಗಿಸ್ ಗಡ್ಡೆಗಳು. ನಿಲಂಗಾದಲ್ಲಿ ನಮ್ಮ ಮಗ್ಗುಲ ಮನೆಯಲ್ಲಿದ್ದ, ಚಿಕ್ಕಮ್ಮನಂತೆ ನಾನು ಕಾಕು ಎಂದೇ ಕರೆಯುತ್ತಿದ್ದವರ ಮಗಳು ಕಳಿಸಿದ್ದು. ಕಾಕು ತೀರಿಹೋದ ಮೇಲೆ ಬಂದ ಮೊದಲ ಚಳಿಗಾಲ ಇದು...

ಕಾಕು ಕುರಿ ಸಾಕುವ ಮನೆಯ ಸೊಸೆ, ಬೀರಪ್ಪನ ಒಕ್ಕಲು. ಚಳಿಯಲ್ಲಿ ಅರಳುವ ಆ ಬಿಳಿ ಹೂವಿನ ಹುಚ್ಚನ್ನು ಅವರು ಉದಗೀರಿನ ತವರಿನಿಂದ ತಂದಿದ್ದರು. ದೀಪಾವಳಿ ಮುಗಿದೊಡನೆ ಕೆಲವು ಗಡ್ಡೆಗಳನ್ನು ಅಂಗಳದ ಗೋಡೆಯ ಬುಡದಲ್ಲಿ ಹಳೆಯ ಕುರಿಗೊಬ್ಬರ ಬೆರೆಸಿ ಊರುವರು. ಕೆಲವನ್ನು ಮನೆಯೊಳಗೆ, ಹರಳುಗಲ್ಲು ತುಂಬಿದ ಪಿಂಗಾಣಿ ಬಟ್ಟಲುಗಳಲ್ಲಿ ಕೂರಿಸುವರು. ಒಳಗಿನವಕ್ಕೆ ನೀರು ಬುಡಕ್ಕಷ್ಟೇ ತಾಗಬೇಕು. ಬೇರು ಇಳಿಯುವ ತನಕ ಅವು ಕಂಬಳಿ ಹೊದ್ದು ಕತ್ತಲಲ್ಲಿರಬೇಕು.

ನಮ್ಮ ಮನೆಯಲ್ಲೂ ಒಂದು ಕತ್ತಲ ಕೋಣೆ ಇತ್ತು. ಮುಟ್ಟಾದಾಗ ನಾಲ್ಕು ದಿನ ನಾನು ಕೂರಬೇಕಿದ್ದ ಹಿತ್ತಲ ಕೋಣೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಹೇಳಿಕೊಳ್ಳುವ ಮನೆತನ ನಮ್ಮದು. ಆದರೂ ಕೋಣೆ ಇತ್ತು, ಮೈ ತಾಗದಂತೆ ಮೇಲಿನಿಂದ ಸುರಿಯುವ ನೀರಿತ್ತು, ಶಾಲೆಗೆ ‘ಜ್ವರ’ ಎಂಬ ಚೀಟಿ ಹೋಗುತ್ತಿತ್ತು. ಇದನ್ನು ಆಚಾರವೆಂದು ಕರೆಯಲಾರೆ. ಇದು ಮನೆಯ ಮಗಳ ಮೇಲೆ ಮನೆಯವರೇ ಹೇರಿದ ಅಸ್ಪೃಶ್ಯತೆ. ಚೀಟಿ ಬರೆಯುತ್ತಿದ್ದವಳು ನಾನೇ. ಆ ಸುಳ್ಳಿನಲ್ಲಿ ನನ್ನ ಪಾಲೂ ಇದೆ.

ನಾನು ಎಂಟನೆಯ ತರಗತಿಯಲ್ಲಿದ್ದ ವರ್ಷ, ಅಂಥದೊಂದು ದಿನ, ಕಾಕು ನಮ್ಮ ಹಿತ್ತಲಲ್ಲಿ ಕುಳಿತು ಬಟ್ಟಲಿಗೆ ಹರಳು ತುಂಬುತ್ತಿದ್ದರು. ಕೋಣೆಯೊಳಗಿನಿಂದಲೇ ಒಂದು ಗಡ್ಡೆಗೆ ಕೈ ಚಾಚಿದೆ. ನನ್ನ ಅಜ್ಜಿ, ನಾವು ಆಯಿ ಎನ್ನುತ್ತಿದ್ದವರು, ಚೀರಿದರು.

“ಏ ಪೋರಿ, ಮುಟ್ಟಬ್ಯಾಡ! ನಿನ್ನ ನೆರಳ ಬಿದ್ದರ ಗಡ್ಡಿ ಸತ್ತು ಹೋಗ್ತದ.”

“ಗಡ್ಡಿಗಿ ಇದೆಲ್ಲ ಯಾರ್ ಹೇಳ್ಯಾರ್ರೀ ಆಯಿ?” ಎಂದು ಕಾಕು ನಕ್ಕರು. “ಒಂದು ಬಟ್ಟಲ ನಿಮ್ಮ ದೇವರ ಮನ್ಯಾಗ ಇಡ್ರಿ, ಒಂದು ಈಕಿ ಕೋಣ್ಯಾಗ ಇರಲಿ. ಈಕಿದು ಸತ್ತರ ಈಕಿ ಮುಂದನೂ ಇಲ್ಲೇ ಕುಂಡ್ರಲಿ. ಅರಳಿತಂದ್ರ ಈ ಕೋಣಿ ನನ್ನ ಗಡ್ಡಿಗಳಿಗಿ ಬಿಟ್ಟುಕೊಡ್ರಿ.”

ಆಯಿ ಒಪ್ಪಿದರು. ದೇವರ ಮೇಲೆ ಅವರಿಗೆ ಅಷ್ಟು ಭರವಸೆ.

ಆ ಭಕ್ತಿಯೇ ಮುಳುವಾಯಿತು. ಅವರು ತಮ್ಮ ಗಡ್ಡೆಗೆ ದಿನವೂ ವಿಭೂತಿ ಹಚ್ಚಿ ಹಾಲೆರೆದರು. ಹತ್ತು ದಿನಕ್ಕೆ ಮನೆಯೆಲ್ಲ ನಾರತೊಡಗಿತು. ಇಲಿ ಸತ್ತಿದೆಯೆಂದು ಅಪ್ಪ ದೇವರ ಮನೆಯ ಮೂಲೆ ಮೂಲೆ ಹುಡುಕಿದರು!

“ಹಾಲು ಕುಡದು ಅಜೀರ್ಣ ಆಗ್ಯಾದ್ರೀ ಆಯಿ,” ಎಂದರು ಕಾಕು.

“ನಂದು ಸತ್ತರ ಏನಾತು? ಆಕಿದು ಅರಳ್ಯಾದೇನು? ಇನ್ನೊಂದು ಸಲ ಆಕಿ ಕುಂಡ್ರಲಿ, ನೋಡೂಣ.”

ಮರುತಿಂಗಳು ಮತ್ತೆ ಕುಳಿತೆ. ಬಟ್ಟಲು ಕಿಟಕಿಗೆ ಏರಿತ್ತು, ಮೊಗ್ಗು ಮೂಡಿತ್ತು. ಬೆಳಿಗ್ಗೆ ಎದ್ದವಳೇ ಬೇಕೆಂದೇ ಅದನ್ನು ಮುಟ್ಟುತ್ತಿದ್ದೆ. ಮುಟ್ಟಿದ ಮೇಲೆ ಮೊಗ್ಗನ್ನೇ ನೋಡುತ್ತ ಕೂರುತ್ತಿದ್ದೆ... ಉದುರಿದರೆ ಈ ಕೋಣೆ ನನಗೆ ಖಾಯಂ.

ಮೂರನೆಯ ಬೆಳಿಗ್ಗೆ ಚಹಾ ಸುರಿಯಲು ಬಂದ ಆಯಿ ಹೊಸ್ತಿಲಲ್ಲೇ ನಿಂತರು.

“ಇದೇನ ಇಷ್ಟು ಘಮಾ ಅಂತದ?”

ನಿಂತಲ್ಲೇ ಇರಲಾಗಲಿಲ್ಲ ಅವರಿಗೆ. ಒಳಗೆ ಬಂದರು, ನನ್ನ ಭುಜ ಹಿಡಿದು ಬಾಗಿ ಹೂವಿಗೆ ಮೂಗು ಹಚ್ಚಿದರು.

ಗೋಡೆಯ ಮೇಲಿಂದ ಇಣುಕುತ್ತಿದ್ದ ಕಾಕು ಕೂಗಿದರು: “ಆಯಿ, ಮುಟ್ಟಿದ್ರಲ್ರೀ! ಈಗ ನೀವೂ ಒಳಗೇ ಕುಂಡ್ರಬೇಕು!”

“ಕುಂಡರ್ತೀನಿ ತಗೋ. ನನಗೂ ಒಂದು ಕಪ್ಪ ಚಾ ಮಾಡ್ಕೊಂಡು ಬಾ.”

ಮರುತಿಂಗಳು ಕೋಣೆಯ ತುಂಬ ಕಾಕುವಿನ ಬಟ್ಟಲುಗಳಿದ್ದವು. ನಾನು ಶಾಲೆಯಲ್ಲಿದ್ದೆ.

ಈಗ ಔರಾದದಿಂದ ಉಮರ್ಗಾದವರೆಗೆ ಹೆಣ್ಣುಮಕ್ಕಳಿಗೆ ಈ ಕಥೆ ಹೇಳುತ್ತ ತಿರುಗುತ್ತೇನೆ. ನಮ್ಮ ಮನೆಯ ಕೋಣೆಯ ಬಗ್ಗೆ ಇಷ್ಟು ಮಾತಾಡಿದವಳು, ಕಾಕು ತಮ್ಮ ಆ ದಿನಗಳಲ್ಲಿ ಎಲ್ಲಿ ಕೂರುತ್ತಿದ್ದರೆಂದು ಒಮ್ಮೆಯೂ ಕೇಳಿರಲಿಲ್ಲ. ಗಂಟು ಬಂದ ದಿನ ಫೋನಿನಲ್ಲಿ ಅವರ ಮಗಳನ್ನು ಕೇಳಿದೆ.

“ಕುರಿ ಹಟ್ಟ್ಯಾಗ ಅಕ್ಕಾ,” ಎಂದಳು. “ಗಡ್ಡಿ ಕಟ್ಟಿ ಕಳಿಸೀನಲ್ಲ, ಅದೇ ಕಂಬಳಿ ಹಾಸ್ಕೊಂಡು.”

ಏಳೂ ಗಡ್ಡೆಗಳನ್ನು ಬಟ್ಟಲಲ್ಲಿ ಕೂರಿಸಿ, ಅದೇ ಕಂಬಳಿ ಹೊದಿಸಿ ಇಟ್ಟಿದ್ದೇನೆ. ಮೂರು ವಾರಕ್ಕೆ ಬೆಳಕಿಗೆ ತರಬೇಕು. ಅರಳಿದಾಗ ಕೂಗಿ ಹೇಳೋಣವೆಂದರೆ, ಗೋಡೆಯಾಚೆ ಕಾಕು ಇಲ್ಲ...